ಹಿಮದಲ್ಲಿ ಮೊದಲ ಚಾರಣ: ಚಳಿಗಾಲದಲ್ಲಿ ಕೇದಾರಕಂಠಕ್ಕೆ ಹೊರಡುವವರಿಗೆ

ಡಿಸೆಂಬರ್ ಹತ್ತಿರ ಬಂದ ಹಾಗೆ ನಮ್ಮ ಕಡೆಯ ಎಷ್ಟೋ ಜನ ಉತ್ತರಾಖಂಡದ ಹಿಮದ ಫೋಟೊ ನೋಡಿ ಟಿಕೆಟ್ ಬುಕ್ ಮಾಡುತ್ತಾರೆ. ಒಳ್ಳೆಯದೇ. ಹಿಮದಲ್ಲಿ ನಡೆಯೋದು ನಿಜಕ್ಕೂ ಖುಷಿ, ಅದಕ್ಕೆ ದೊಡ್ಡ ಪರ್ವತಾರೋಹಿ ಆಗಿರಬೇಕಿಲ್ಲ. ಟಿಕೆಟ್ ಆದ ಮೇಲೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಅಷ್ಟು ಚಳಿ ತಡ್ಕೊಳ್ಳೋಕೆ ಆಗುತ್ತಾ? ಚಳಿ ತಡ್ಕೊಳ್ಳಬಹುದು, ಒದ್ದೆ ತಡ್ಕೊಳ್ಳೋಕೆ ಆಗಲ್ಲ. ಮೈ, ಕಾಲುಚೀಲ, ಸ್ಲೀಪಿಂಗ್ ಬ್ಯಾಗ್ ಈ ಮೂರನ್ನೂ ಒಣಗಿದ ಹಾಗೇ ಇಟ್ಟುಕೊಂಡವರು ಮೈನಸ್ 10ರಲ್ಲೂ ನಿದ್ದೆ ಮಾಡುತ್ತಾರೆ. ಬೆವರಿಗೋ ಹಿಮಕ್ಕೋ ಒದ್ದೆಯಾದವರು ಸೊನ್ನೆ ಡಿಗ್ರಿಯಲ್ಲೇ ನಡುಗುತ್ತಾ ಕೂರುತ್ತಾರೆ. ಹಾಗಾಗಿ ಈ ಬರಹದಲ್ಲಿ ಒಣಗಿರುವ ವಿಚಾರವೇ ಜಾಸ್ತಿ ಬರುತ್ತದೆ.

ಕೇದಾರಕಂಠವೇ ಯಾಕೆ

ಚಳಿಗಾಲದಲ್ಲಿ ಹಿಮಾಲಯದ ಬಹಳಷ್ಟು ದಾರಿಗಳು ಮುಚ್ಚಿಹೋಗುತ್ತವೆ. ತೆರೆದಿರುವ ಕೆಲವೇ ಶಿಖರಗಳಲ್ಲಿ ಹೊಸಬರಿಗೆ ಹೊಂದುವಂಥದ್ದು ಕೇದಾರಕಂಠ. ಉತ್ತರಕಾಶಿ ಜಿಲ್ಲೆಯಲ್ಲಿದೆ, ಎತ್ತರ 12,500 ಅಡಿ, ಅಂದರೆ ಸುಮಾರು 3,800 ಮೀಟರ್. ನಡಿಗೆ ಶುರುವಾಗೋದು ಸಾಂಕ್ರಿ ಅನ್ನುವ ಊರಿನಿಂದ. ನಮ್ಮ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಸಾಂಕ್ರಿ ಊರು ಇರೋದೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ. ನಮ್ಮ ಬೆಟ್ಟ ಮುಗಿಯುವ ಎತ್ತರದಲ್ಲಿ ಅಲ್ಲಿ ಹತ್ತೋದು ಶುರು ಆಗುತ್ತದೆ ಅನ್ನೋದು ನೆನಪಿರಲಿ.

ಇನ್ನೊಂದು ಅನುಕೂಲ ಇದೆ. ಇಲ್ಲಿ ಕಾಡು ಬಹಳ ಎತ್ತರದವರೆಗೂ ಜೊತೆಗೆ ಬರುತ್ತದೆ. ಪೈನ್, ಓಕ್ ಮರಗಳ ನಡುವೆ ಕ್ಯಾಂಪ್ ಇರೋದರಿಂದ ಗಾಳಿಯ ಹೊಡೆತ ಕಡಿಮೆ. ಮರಗಳು ಮುಗಿದು ಬಯಲು ಹಿಮದ ಇಳಿಜಾರು ಬರೋದು ಶಿಖರ ಮುಟ್ಟುವ ದಿನದ ಹತ್ತುವಿಕೆಯಲ್ಲಿ ಮಾತ್ರ. ತುದಿಯಲ್ಲಿ ನಿಂತರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಶಿಖರಗಳು ಸಾಲಾಗಿ ಕಾಣುತ್ತವೆ. ಶಿವ ಇಲ್ಲೇ ತಪಸ್ಸಿಗೆ ಕೂತಿದ್ದನಂತೆ, ದನದ ಕೊರಳ ಗಂಟೆಯ ಸದ್ದಿಗೆ ತಪಸ್ಸು ಕೆಟ್ಟು ಕೇದಾರನಾಥಕ್ಕೆ ಹೋದನಂತೆ ಅಂತ ಆ ಕಡೆಯವರು ಹೇಳುತ್ತಾರೆ. ಅಲ್ಲಿಯ ಗೈಡ್‌ಗಳನ್ನು ಕೇಳಿದರೆ ಈ ಕಥೆಯನ್ನು ಪ್ರೀತಿಯಿಂದ ಹೇಳುತ್ತಾರೆ, ಕೇಳಿ.

ಯಾವಾಗ, ಹೇಗೆ ಹೋಗೋದು

ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರ ಬೇಡ. ಆ ದಿನಗಳಲ್ಲಿ ಸಾಂಕ್ರಿ ತುಂಬಿ ತುಳುಕುತ್ತದೆ, ಶಿಖರದ ದಾರಿಯಲ್ಲಿ ಸಾಲು ನಿಲ್ಲುತ್ತದೆ, ಮೈನಸ್ ಚಳಿಯಲ್ಲಿ ಮುಂದಿನವರಿಗಾಗಿ ಕಾಯುತ್ತಾ ನಿಂತರೆ ಮೈ ಬೇಗ ತಣ್ಣಗಾಗುತ್ತದೆ. ಮೇಲಾಗಿ ಡಿಸೆಂಬರ್‌ನಲ್ಲಿ ಹಿಮ ಬಿದ್ದೇ ಇರುತ್ತದೆ ಅನ್ನೋ ಖಾತ್ರಿ ಇಲ್ಲ. ಆ ಭಾಗಕ್ಕೆ ಚಳಿಗಾಲದ ಹಿಮ ತರೋದು ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬೀಸಿ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಮಾರುತಗಳು. ಅವು ಜನವರಿ, ಫೆಬ್ರವರಿಯಲ್ಲಿ ಚೆನ್ನಾಗಿ ಬರುತ್ತವೆ. ನನ್ನನ್ನು ಕೇಳಿದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಸಮಯ ಮೊದಲ ಸಲಕ್ಕೆ ಒಳ್ಳೆಯದು. ಹಿಮ ದಪ್ಪಗೆ ಇರುತ್ತದೆ, ಚಳಿ ಸ್ವಲ್ಪ ಇಳಿದಿರುತ್ತದೆ, ಹಗಲು ಉದ್ದ, ಜನವೂ ಕಡಿಮೆ.

ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ ಇದೆ. ರೈಲಾದರೆ ದೆಹಲಿಗೆ ಹೋಗಿ ಅಲ್ಲಿಂದ ಇನ್ನೊಂದು ರೈಲು. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್, ಆದರೆ ಮಸ್ಸೂರಿ, ಪುರೋಲಾ, ಮೋರಿ ದಾಟಿ ಹೋಗುವ ಘಾಟಿ ರಸ್ತೆಯಲ್ಲಿ ಇಡೀ ಹಗಲು ಬೇಕು. ಬೆಳಿಗ್ಗೆ ಬೇಗ ಹೊರಡುವ ಗಾಡಿಯನ್ನೇ ಹಿಡಿಯಿರಿ. ವಾಂತಿ ಬರುವವರು ಮಾತ್ರೆ ತಗೊಂಡು ಮುಂದಿನ ಸೀಟಲ್ಲಿ ಕೂರಿ. ದುಡ್ಡನ್ನು ಡೆಹ್ರಾಡೂನ್‌ನಲ್ಲೇ ತೆಗೆದಿಟ್ಟುಕೊಳ್ಳಿ, ಮೋರಿ ದಾಟಿದ ಮೇಲೆ ಎಟಿಎಂ, ನೆಟ್‌ವರ್ಕ್ ಎರಡನ್ನೂ ನೆಚ್ಚಬೇಡಿ. ಗೋವಿಂದ ವನ್ಯಜೀವಿ ಧಾಮದೊಳಗೆ ಹೋಗುತ್ತೀರಿ, ಆದ್ದರಿಂದ ನೈಟ್ವಾಡ್‌ನ ಚೆಕ್‌ಪೋಸ್ಟ್‌ಗೆ ಗುರುತಿನ ಚೀಟಿ ಬೇಕು. ಡಾಕ್ಟರ ಸರ್ಟಿಫಿಕೇಟ್ ಕೂಡ ಜೊತೆಗಿಡಿ.

ಹೋಗುವ ಮತ್ತು ಬರುವ ಟಿಕೆಟ್ ನಡುವೆ ಕಡೇಪಕ್ಷ ಒಂದು ದಿನ ಖಾಲಿ ಬಿಡಿ. ಹಿಮ ಬಿದ್ದು ರಸ್ತೆ ಮುಚ್ಚಿದರೆ ಆ ದಿನ ಬೇಕಾಗುತ್ತದೆ. ವಾಪಸ್ ವಿಮಾನ ತಪ್ಪುತ್ತೆ ಅನ್ನುವ ಆತುರದಲ್ಲೇ ಬೆಟ್ಟದಲ್ಲಿ ತಪ್ಪು ನಿರ್ಧಾರಗಳು ಆಗೋದು.

ಮೂರು ತಿಂಗಳ ಮೊದಲೇ ಶುರು ಮಾಡಿ

ಜಿಮ್ ಬೇಕಿಲ್ಲ. ಮೆಟ್ಟಿಲು ಬೇಕು. ವಾರಕ್ಕೆ ನಾಲ್ಕು ದಿನ ಬಿರುಸು ನಡಿಗೆ ಅಥವಾ ನಿಧಾನ ಓಟ, ಎರಡು ದಿನ ಮೆಟ್ಟಿಲು ಹತ್ತಿ ಇಳಿಯೋದು. ಇಳಿಯೋದನ್ನು ಬಿಡಬೇಡಿ, ಲಿಫ್ಟಲ್ಲಿ ಇಳಿಯಬೇಡಿ. ಹಿಮದಲ್ಲಿ ಹತ್ತುವಾಗ ಉಸಿರು ಕಷ್ಟ ಆಗುತ್ತದೆ, ಇಳಿಯುವಾಗ ಮಂಡಿ ಕಷ್ಟ ಆಗುತ್ತದೆ, ಉಸಿರಿಗಿಂತ ಮಂಡಿಯಿಂದ ನೊಂದು ಬರುವವರೇ ಜಾಸ್ತಿ. ಕೊನೆಯ ತಿಂಗಳು ಬೆನ್ನಿಗೆ ಆರೇಳು ಕಿಲೋ ಚೀಲ ಹಾಕಿಕೊಂಡೇ ಅಭ್ಯಾಸ ಮಾಡಿ. ಒಮ್ಮೆ ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತಿ ಬಂದರೆ ನಿಮ್ಮ ಕಾಲು ಎಲ್ಲಿದೆ ಅಂತ ನಿಮಗೇ ಗೊತ್ತಾಗುತ್ತದೆ. ಅದಕ್ಕೂ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಬೇಕು.

ಅಸ್ತಮಾ, ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ, ಅದನ್ನು ಮೈಗೆ ತಾಗಿದ ಹಾಗೆ ಒಳಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಯಾರ ಜೊತೆ ಹೋಗೋದು

ಮೊದಲ ಹಿಮದ ಚಾರಣಕ್ಕೆ ಗೈಡ್ ಇಲ್ಲದೆ ಹೋಗಬಾರದು, ಇದರಲ್ಲಿ ಎರಡು ಮಾತಿಲ್ಲ. ಹಿಮ ಬಿದ್ದ ಮೇಲೆ ದಾರಿ ಅನ್ನೋದೇ ಕಾಣಲ್ಲ. ತಂಡ ಕರೆದೊಯ್ಯುವವರಿಗೆ ಫೋನ್ ಮಾಡಿ, ದರಕ್ಕಿಂತ ಮೊದಲು ಇವನ್ನು ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ಗೈಡ್ ಪರ್ವತಾರೋಹಣ ಕೋರ್ಸ್ ಮಾಡಿದ್ದಾರಾ? ಉತ್ತರಕಾಶಿಯಲ್ಲೇ 1965ರಿಂದ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ, ಆ ಕಡೆಯ ಒಳ್ಳೆಯ ಗೈಡ್‌ಗಳು ಎಷ್ಟೋ ಜನ ಅಲ್ಲಿ ಕಲಿತವರು. ಆಮ್ಲಜನಕದ ಸಿಲಿಂಡರ್, ಸ್ಟ್ರೆಚರ್ ಜೊತೆಗಿರುತ್ತಾ? ಹಿಮದಲ್ಲಿ ಜಾರದಂತೆ ಶೂಗೆ ಹಾಕುವ ಮೈಕ್ರೋಸ್ಪೈಕ್ಸ್, ಶೂ ಮೇಲಿಂದ ಕಾಲಿನ ಸುತ್ತ ಕಟ್ಟುವ ಹೊದಿಕೆ ಅಂದರೆ ಗೇಟರ್, ಇವನ್ನು ಅವರೇ ಕೊಡ್ತಾರಾ? ಸ್ಲೀಪಿಂಗ್ ಬ್ಯಾಗ್ ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ? ಕೊನೆಯದಾಗಿ, ಶಿಖರದ ದಿನ ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀರಿ?

ಕೊನೆಯ ಪ್ರಶ್ನೆಗೆ "ಎಲ್ಲರನ್ನೂ ತುದಿ ಮುಟ್ಟಿಸ್ತೀವಿ, ಚಿಂತೆ ಬೇಡ" ಅನ್ನುವ ಉತ್ತರ ಬಂದರೆ ಬೇರೆಯವರನ್ನು ನೋಡಿ. ಸಮಯ ಹೇಳುವವರು ಬೇಕು. ಸಾಂಕ್ರಿಯ ಊರಿನವರೇ ನಡೆಸುವ ಸಣ್ಣ ತಂಡಗಳೂ ಇವೆ, ನೇರವಾಗಿ ಅವರ ಜೊತೆ ಹೋದರೆ ದುಡ್ಡು ಊರಲ್ಲೇ ಉಳಿಯುತ್ತದೆ. ಆದರೆ ಪ್ರಶ್ನೆಗಳು ಅವರಿಗೂ ಇವೇ.

ಬಟ್ಟೆ: ಹತ್ತಿ ಪೂರ್ತಿ ಬಿಡಿ

ಜೀನ್ಸ್, ಹತ್ತಿ ಬನಿಯನ್, ಹತ್ತಿ ಕಾಲುಚೀಲ ಇವುಗಳನ್ನು ಮನೆಯಲ್ಲೇ ಬಿಟ್ಟುಬನ್ನಿ. ಹತ್ತಿ ಒರೆಸು ಬಟ್ಟೆಯ ಹಾಗೆ ಬೆವರು ಹೀರಿಕೊಂಡು ಬಿಡುತ್ತದೆ, ಆ ಚಳಿಯಲ್ಲಿ ಒಣಗೋದೇ ಇಲ್ಲ, ನೀವು ನಿಂತ ತಕ್ಷಣ ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಮೈಗೆ ತಾಗುವ ಬಟ್ಟೆ ಸಿಂಥೆಟಿಕ್ ಅಥವಾ ಉಣ್ಣೆಯದ್ದೇ ಆಗಿರಬೇಕು. ಮೊದಲ ಪದರ ಬೇಗ ಒಣಗುವ ಟೀ ಶರ್ಟ್ ಅಥವಾ ತೆಳು ಥರ್ಮಲ್, ಅದರ ಮೇಲೆ ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಜಾಕೆಟ್), ನಿಂತಾಗ ಹಾಕಲು ದಪ್ಪ ಡೌನ್ ಜಾಕೆಟ್ (ಒಳಗೆ ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ್ದು), ಎಲ್ಲದರ ಮೇಲೆ ಗಾಳಿ ಮತ್ತು ನೀರು ತಡೆಯುವ ಹೊರ ಜಾಕೆಟ್. ಒಂದೇ ದಪ್ಪ ಸ್ವೆಟರ್‌ಗಿಂತ ಇಂಥ ಮೂರು ನಾಲ್ಕು ಪದರ ಒಳ್ಳೆಯದು, ಬೇಕಾದಾಗ ತೆಗೆಯಬಹುದು, ಹಾಕಬಹುದು.

ಹೊಸಬರೆಲ್ಲ ಮಾಡುವ ಕೆಲಸ ಏನು ಗೊತ್ತಾ, ಬೆಳಿಗ್ಗೆ ಚಳಿ ಅಂತ ಇದ್ದದ್ದನ್ನೆಲ್ಲ ಹಾಕಿಕೊಂಡು ನಡೆಯೋಕೆ ಶುರು ಮಾಡುತ್ತಾರೆ, ಹತ್ತು ನಿಮಿಷಕ್ಕೆ ಒಳಗೆಲ್ಲ ಬೆವರು, ಅರ್ಧ ಗಂಟೆಗೆ ಟೀ ಕುಡಿಯೋಕೆ ನಿಂತಾಗ ಆ ಬೆವರು ತಣ್ಣಗಾಗಿ ಹಲ್ಲು ಕಟಕಟ ಅನ್ನುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಲೇಬೇಕು. ಡೌನ್ ಜಾಕೆಟ್ ಚೀಲದ ಮೇಲ್ಭಾಗದಲ್ಲಿರಲಿ, ನಿಂತ ಕೂಡಲೇ ಹಾಕಿ, ಹೊರಡುವ ಮುಂಚೆ ತೆಗೆಯಿರಿ. ಸೋಮಾರಿತನ ಮಾಡಬೇಡಿ, ದಿನಕ್ಕೆ ಎಷ್ಟು ಸಲ ಆದರೂ ಸರಿ. ಡೌನ್ ಒದ್ದೆಯಾದರೆ ಕೆಲಸಕ್ಕೆ ಬರಲ್ಲ, ಹಿಮ ಬೀಳುವಾಗ ಅದರ ಮೇಲೆ ಹೊರ ಜಾಕೆಟ್ ಇರಲೇಬೇಕು.

ಕೈಗೆ ಎರಡು ಜೊತೆ ಗವಸು: ಒಳಗೆ ತೆಳುವಾದ ಫ್ಲೀಸ್, ಹೊರಗೆ ನೀರು ತಡೆಯುವ ದಪ್ಪ ಗವಸು. ಫೋಟೊ ತೆಗೆಯೋಕೆ ಅಂತ ಗವಸು ಬಿಚ್ಚಿ ಹಿಮದ ಮೇಲೆ ಇಡಬೇಡಿ, ಜಾಕೆಟ್ ಒಳಗೆ ತುರುಕಿ. ಇಳಿಜಾರಲ್ಲಿ ಜಾರಿದ ಗವಸು ವಾಪಸ್ ಸಿಗಲ್ಲ, ಬರಿಗೈಯಲ್ಲಿ ಮುಂದೆ ಹೋಗೋಕೂ ಆಗಲ್ಲ. ಕಣ್ಣಿಗೆ ಯುವಿ 400 ಕನ್ನಡಕ ಬೇಕೇ ಬೇಕು. ಹೊಸ ಹಿಮ ತನ್ನ ಮೇಲೆ ಬಿದ್ದ ಯುವಿ ಕಿರಣಗಳನ್ನು ಶೇಕಡಾ 80ರಷ್ಟು ವಾಪಸ್ ಎಸೆಯುತ್ತದೆ, ಮೋಡ ಇದ್ದರೂ ಕಣ್ಣು ಸುಡುತ್ತದೆ. ಸನ್‌ಸ್ಕ್ರೀನನ್ನು ಗದ್ದದ ಕೆಳಗೆ, ಮೂಗಿನ ಕೆಳಭಾಗಕ್ಕೂ ಹಚ್ಚಿ, ಬಿಸಿಲು ಅಲ್ಲಿ ಕೆಳಗಿನಿಂದಲೂ ಬರುತ್ತದೆ.

ಶೂ, ಸ್ಪೈಕ್ಸ್, ಗೇಟರ್, ಕೋಲು, ಜಾಕೆಟ್ ಎಲ್ಲ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಒಂದೇ ಟ್ರಿಪ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಬಾಡಿಗೆ ಶೂ ತಗೊಳ್ಳುವಾಗ ನೀವು ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ, ಊರಿನ ಇಳಿಜಾರು ದಾರಿಯಲ್ಲಿ ಇಳಿದು ನೋಡಿ. ಹೆಬ್ಬೆರಳು ಮುಂದಕ್ಕೆ ತಾಗಿದರೆ ಒಂದು ನಂಬರ್ ದೊಡ್ಡದು ಕೇಳಿ. ಬಿಗಿಯಾದ ಶೂನಲ್ಲಿ ರಕ್ತ ಓಡಲ್ಲ, ಬೆರಳು ಮರಗಟ್ಟುತ್ತದೆ, ಆದ್ದರಿಂದ ಎರಡು ಕಾಲುಚೀಲ ಹಾಕಿ ಶೂ ತುರುಕೋದೂ ಬೇಡ.

ಹಿಮದ ಮೇಲೆ ಕಾಲಿಡೋದು

ಸಾಂಕ್ರಿಯಿಂದ ಮೊದಲ ದಿನ ಜೂಡಾ ಕಾ ತಾಲಾಬ್‌ಗೆ, ಸುಮಾರು 9,100 ಅಡಿ. ಸುತ್ತ ಮರಗಳಿರುವ ಸಣ್ಣ ಕೆರೆ, ಚಳಿಗಾಲದಲ್ಲಿ ಮೇಲೆಲ್ಲ ಮಂಜುಗಡ್ಡೆ. ಅದರ ಮೇಲೆ ನಡೆದು ರೀಲ್ಸ್ ಮಾಡುವವರು ಇರುತ್ತಾರೆ, ನೀವು ಮಾಡಬೇಡಿ, ಗಡ್ಡೆ ಎಲ್ಲಿ ತೆಳ್ಳಗಿದೆ ಅಂತ ಮೇಲಿಂದ ಗೊತ್ತಾಗಲ್ಲ. ಎರಡನೇ ದಿನ ಸುಮಾರು 11,250 ಅಡಿಯ ಬೇಸ್ ಕ್ಯಾಂಪ್, ಮೂರನೇ ದಿನ ಶಿಖರ ಮುಟ್ಟಿ ಕೆಳಗಿನ ಕ್ಯಾಂಪಿಗೆ, ನಾಲ್ಕನೇ ದಿನ ಸಾಂಕ್ರಿ.

ಹತ್ತುವಾಗ ಶೂವಿನ ಮುಂದಿನ ತುದಿಯಿಂದ ಹಿಮಕ್ಕೆ ಒದ್ದು ಮೆಟ್ಟಿಲು ಮಾಡಿಕೊಂಡು ಹತ್ತಿ. ಮುಂದಿನವರು ಮಾಡಿದ ಹೆಜ್ಜೆಯಲ್ಲೇ ಕಾಲಿಟ್ಟರೆ ಶಕ್ತಿ ಉಳಿಯುತ್ತದೆ. ಇಳಿಯುವಾಗ ಹಿಮ್ಮಡಿಯನ್ನು ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಮೈಯನ್ನು ಹಿಂದಕ್ಕೆ ವಾಲಿಸದೆ ಇಳಿಯಿರಿ. ಹೆದರಿ ಹಿಂದಕ್ಕೆ ವಾಲಿದಷ್ಟೂ ಜಾರುತ್ತದೆ. ಸ್ಪೈಕ್ಸ್ ಅಂದರೆ ಶೂ ಮೇಲೆ ಹಾಕುವ ರಬ್ಬರ್ ಪಟ್ಟಿ, ಅಡಿಯಲ್ಲಿ ಮೊಳೆ ಇರುವ ಸರಪಳಿ. ಗಟ್ಟಿಯಾದ, ಗಾಜಿನಂಥ ಹಿಮಕ್ಕೆ ಅದು ಬೇಕು. ಬಂಡೆ ಬಂದ ಕಡೆ ತೆಗೆಯಿರಿ, ಇಲ್ಲದಿದ್ದರೆ ಎಡವುತ್ತೀರಿ. ಗೇಟರ್ ಹಾಕುವಾಗ ಬಕಲ್ ಹೊರಬದಿಗೆ ಇರಲಿ, ಒಳಬದಿಗೆ ಇದ್ದರೆ ಒಂದು ಕಾಲಿನದು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಹಿಮ ಶೂ ಒಳಗೆ ಬೀಳದ ಹಾಗೆ ತಡೆಯೋದೇ ಗೇಟರ್ ಕೆಲಸ.

ಶಿಖರದ ದಿನ ರಾತ್ರಿ ಮೂರಕ್ಕೇ ಹೊರಡಿಸಿ ತುದಿಯಲ್ಲಿ ಸೂರ್ಯೋದಯ ತೋರಿಸುವ ರೂಢಿ ಇದೆ. ಬೇಗ ಹೊರಡೋದು ಸರಿ, ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಆದರೆ ಸೂರ್ಯೋದಯವನ್ನು ತುದಿಯಲ್ಲೇ ನೋಡಬೇಕು ಅನ್ನುವ ಹಟ ಬೇಡ. ದಾರಿಯಲ್ಲಿ ಎಲ್ಲಿ ನಿಂತರೂ ಅದೇ ಬೆಳಕು, ತುದಿಯ ಗಾಳಿಯಲ್ಲಿ ಕತ್ತಲಲ್ಲಿ ಕಾಯೋದು ತಪ್ಪುತ್ತದೆ.

ಟೆಂಟಿನ ರಾತ್ರಿ

ಇದನ್ನು ಯಾರೂ ಸರಿಯಾಗಿ ಹೇಳಿಕೊಡಲ್ಲ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಕ್ಯಾಂಪ್ ತಲುಪಿದ ಕೂಡಲೇ, ಮೈ ಇನ್ನೂ ಬಿಸಿ ಇರುವಾಗಲೇ, ಒದ್ದೆ ಟೀ ಶರ್ಟ್ ಮತ್ತು ಕಾಲುಚೀಲ ಬದಲಿಸಿ. ಐದು ನಿಮಿಷ ಕಳೆದರೆ ಬಟ್ಟೆ ಬಿಚ್ಚೋಕೆ ಮನಸ್ಸೇ ಬರಲ್ಲ. ರಾತ್ರಿಗೆ ಅಂತಲೇ ಒಂದು ಜೊತೆ ಥರ್ಮಲ್, ಒಂದು ಜೊತೆ ಉಣ್ಣೆ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರಿ. ಅದನ್ನು ಹಗಲು ಏನೇ ಆದರೂ ಹಾಕಬೇಡಿ.

ಶೂ ಒದ್ದೆಯಾಗಿದ್ದರೆ ಬೆಳಿಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ಲೇಸ್ ಬಗ್ಗೋದೇ ಇಲ್ಲ, ಕಾಲು ಒಳಗೆ ಹೋಗಲ್ಲ. ಅದಕ್ಕೆ ರಾತ್ರಿಯೇ ಲೇಸ್ ಪೂರ್ತಿ ಸಡಿಲಿಸಿ, ನಾಲಿಗೆ ಮುಂದಕ್ಕೆ ಎಳೆದು, ಶೂ ಬಾಯಿ ಅಗಲ ಮಾಡಿ, ಚೀಲದಲ್ಲಿ ಸುತ್ತಿ ಟೆಂಟ್ ಒಳಗೇ ತಲೆಯ ಹತ್ತಿರ ಇಡಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತಾ ಬರುತ್ತದೆ, ತಲೆಕೆಳಗಾಗಿದ್ದರೆ ಗಡ್ಡೆ ತಳದ ಕಡೆ ಸೇರಿ ಮುಚ್ಚಳ ತೆರೆಯುತ್ತದೆ. ಕೊಳವೆಯಿಂದ ಹೀರುವ ನೀರಿನ ಚೀಲ ತರಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಮಲಗುವ ಮುಂಚೆ ಅಡುಗೆ ಟೆಂಟ್‌ನವರ ಹತ್ತಿರ ಒಂದು ಗಟ್ಟಿ ಬಾಟಲಿಗೆ ಬಿಸಿನೀರು ಹಾಕಿಸಿಕೊಂಡು, ಸೋರಲ್ಲ ಅಂತ ನೋಡಿಕೊಂಡು, ಕಾಲುಚೀಲದೊಳಗೆ ತುರುಕಿ ಪಾದದ ಹತ್ತಿರ ಇಟ್ಟುಕೊಳ್ಳಿ. ಬೆಳಿಗ್ಗೆ ಅದೇ ಕುಡಿಯೋ ನೀರು. ಫೋನ್, ಪವರ್ ಬ್ಯಾಂಕ್, ಹೆಡ್‌ಲ್ಯಾಂಪ್ ಬ್ಯಾಟರಿ, ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿ ಎಲ್ಲ ನಿಮ್ಮ ಜೊತೆ ಸ್ಲೀಪಿಂಗ್ ಬ್ಯಾಗ್ ಒಳಗೇ ಮಲಗಲಿ.

ಚಳಿ ಅಂತ ಮುಖವನ್ನು ಸ್ಲೀಪಿಂಗ್ ಬ್ಯಾಗ್ ಒಳಗೆ ಮುಚ್ಚಿಕೊಳ್ಳಬೇಡಿ. ಉಸಿರಿನ ತೇವ ಒಳಗೆಲ್ಲ ಸೇರಿ ಎರಡನೇ ರಾತ್ರಿಗೆ ಚೀಲ ಒದ್ದೆಯಾಗಿರುತ್ತದೆ. ತಲೆಗೆ ಟೋಪಿ ಹಾಕಿ, ಮೂಗು ಬಾಯಿ ಹೊರಗಿರಲಿ. ಟೆಂಟಿನ ಗಾಳಿಕಿಂಡಿಯನ್ನೂ ಮುಚ್ಚಬೇಡಿ. ಒಳಗೆ ಬೆಂಕಿ, ಸ್ಟವ್ ಹಚ್ಚೋದಂತೂ ಬೇಡವೇ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಮೂತ್ರ ಬಂದರೆ ಚಳಿಗೆ ಹೆದರಿ ಕಟ್ಟಿಕೊಂಡು ಮಲಗಬೇಡಿ, ಎದ್ದು ಹೋಗಿ ಬನ್ನಿ, ನಿದ್ದೆ ಚೆನ್ನಾಗಿ ಬರುತ್ತದೆ.

ಊಟ ಬಿಡಬೇಡಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆದರೂ ಬಿಸಿ ಬೇಳೆ ಅನ್ನ ಹೊಟ್ಟೆ ತುಂಬ ತಿನ್ನಿ, ರಾತ್ರಿ ಮೈ ಬಿಸಿ ಇರೋದು ಅದರಿಂದಲೇ. ಸಾಂಕ್ರಿಯಲ್ಲಿ ಊರಿನವರ ಮನೆಯಲ್ಲಿ ಉಳಿದರೆ ಮಂಡುವಾ ರೊಟ್ಟಿ ಮಾಡಿಕೊಡಿ ಅಂತ ಕೇಳಿ. ನಮ್ಮ ರಾಗಿಯೇ ಅದು, ತುಪ್ಪ ಹಚ್ಚಿ ಕೊಡುತ್ತಾರೆ. ಮದ್ಯ ಮುಟ್ಟಬೇಡಿ. ಬಿಸಿ ಆದ ಹಾಗೆ ಅನ್ನಿಸುತ್ತದೆ ಅಷ್ಟೇ, ನಿಜಕ್ಕೂ ಶಾಖ ಚರ್ಮದ ಮೂಲಕ ಹೊರಗೆ ಹೋಗುತ್ತಿರುತ್ತದೆ.

ತಲೆನೋವು ಬಂದರೆ ಸುಮ್ನಿರಬೇಡಿ

ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಮ್ಯಾರಥಾನ್ ಓಡುವವರಿಗೂ ಬರುತ್ತದೆ. ತಲೆನೋವು, ವಾಕರಿಕೆ, ಊಟ ಸೇರದಿರೋದು, ತಲೆಸುತ್ತು ಇವು ಮೊದಲ ಲಕ್ಷಣ. ಗೈಡ್‌ಗೆ ತಕ್ಷಣ ಹೇಳಿ. ತಂಡಕ್ಕೆ ತೊಂದರೆ ಆಗುತ್ತೆ ಅಂತ ಮುಚ್ಚಿಡೋದು ನಮ್ಮವರಲ್ಲಿ ಜಾಸ್ತಿ, ಮುಚ್ಚಿಟ್ಟರೇ ತಂಡಕ್ಕೆ ತೊಂದರೆ. ಲಕ್ಷಣ ಇರುವಾಗ ಇನ್ನೂ ಮೇಲಕ್ಕೆ ಹೋಗಬಾರದು. ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಕೂತಿದ್ದಾಗಲೂ ಉಸಿರು ಕಟ್ಟಿದರೆ, ಕೆಮ್ಮಿನಲ್ಲಿ ನೊರೆ ಬಂದರೆ ಅದು ರಾತ್ರಿಯಾದರೂ ಸರಿ ಕೆಳಗಿಳಿಸಬೇಕು. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರ್ ಹೇಳಿದರೆ ಮಾತ್ರ ತಗೊಳ್ಳಿ, ಸಲ್ಫಾ ಔಷಧಿ ಆಗದವರು ಮುಂಚೆಯೇ ಅವರಿಗೆ ತಿಳಿಸಿ.

ಬೆರಳು ಬೆಳ್ಳಗಾಗಿ ಸ್ಪರ್ಶ ತಿಳಿಯದೇ ಹೋದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಕೈಯಾದರೆ ಕಂಕುಳಲ್ಲಿ, ಕಾಲಾದರೆ ಜೊತೆಯವರ ಹೊಟ್ಟೆಯ ಮೇಲೆ ಇಟ್ಟು ನಿಧಾನ ಬಿಸಿ ಮಾಡಿ, ಬೇಗ ಸ್ಪರ್ಶ ಮರಳದಿದ್ದರೆ ಕೆಳಗಿಳಿದು ಡಾಕ್ಟರಿಗೆ ತೋರಿಸಿ. ಯಾರಾದರೂ ಸುಮ್ಮನೆ ಮಂಕಾಗಿ ಕೂತು, ಎಡವುತ್ತಾ, ಜಿಪ್ ಹಾಕೋಕೂ ಆಗದೆ ತಡವರಿಸುತ್ತಿದ್ದರೆ ಮೈಯ ಶಾಖ ಇಳಿಯುತ್ತಿದೆ ಅಂತ ಅರ್ಥ. ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗಿಸಿ. ಎಚ್ಚರವಿದ್ದು ನುಂಗೋಕೆ ಆಗುವ ಹಾಗಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ.

ಹವಾಮಾನ ಕೆಟ್ಟರೆ

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋದ ಚಾರಣ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅದು ಬೇಸಿಗೆ. ಬೇಸಿಗೆಯಲ್ಲೇ ಹಿಮಾಲಯ ಹಾಗೆ ತಿರುಗಿಬೀಳಬಹುದಾದರೆ ಚಳಿಗಾಲದಲ್ಲಿ ಎಷ್ಟು ಎಚ್ಚರ ಬೇಕು ಯೋಚಿಸಿ. ಹೊರಡುವ ಮುಂಚೆ ಡೆಹ್ರಾಡೂನ್ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿ. ಜೋರು ಹಿಮಪಾತದ ಎಚ್ಚರಿಕೆ ಇದ್ದರೆ ಸಾಂಕ್ರಿಯಲ್ಲೇ ಕಾಯಿರಿ. ಹೊಸ ಹಿಮ ಜೋರಾಗಿ ಬಿದ್ದ ಮೇಲಿನ ಒಂದೆರಡು ದಿನ ಬಯಲು ಇಳಿಜಾರುಗಳಲ್ಲಿ ಹಿಮ ಕುಸಿಯುವ ಅಪಾಯ ಹೆಚ್ಚು. ಗೈಡ್ "ಇವತ್ತು ಬೇಡ" ಅಂದರೆ ವಾದ ಮಾಡಬೇಡಿ, ದುಡ್ಡು ಕೊಟ್ಟಿದ್ದೀವಿ ಅನ್ನಬೇಡಿ.

ಶಿಖರ ಬೇಡ ಅನ್ನುವವರಿಗೆ

ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ ಸಾಂಕ್ರಿಯಲ್ಲಿ ಎರಡು ಮೂರು ದಿನ ಉಳಿದು, ಪಕ್ಕದ ಸೌಡ್ ಹಳ್ಳಿಯ ಮರದ ಮನೆಗಳನ್ನು ನೋಡಿ. ನಡೆಯಬಲ್ಲವರು ಗೈಡ್ ಜೊತೆ ಬೆಳಿಗ್ಗೆ ಹೊರಟು ಜೂಡಾ ಕಾ ತಾಲಾಬ್ ಕಡೆ ಆದಷ್ಟು ದೂರ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು. ಹಿಮದಲ್ಲಿ ಆಡಿದ ಖುಷಿ ಪೂರ್ತಿ ಸಿಗುತ್ತದೆ.

ನಡೆಯೋದಕ್ಕಿಂತ ಜಾರೋದು ಇಷ್ಟ ಅಂದರೆ ಸ್ಕೀಯಿಂಗ್ ಕಲಿಯಿರಿ. ಉತ್ತರಾಖಂಡದ ಔಲಿಯಲ್ಲಿ ಸರ್ಕಾರದ ಗಢವಾಲ್ ಮಂಡಲ್ ವಿಕಾಸ್ ನಿಗಮ 7 ಮತ್ತು 14 ದಿನಗಳ ಕೋರ್ಸ್ ನಡೆಸುತ್ತಾ ಬಂದಿದೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲೂ ಕೇಂದ್ರ ಸರ್ಕಾರದ ಸ್ಕೀಯಿಂಗ್ ಸಂಸ್ಥೆ ಇದೆ. ಒಂದು ಗಂಟೆಯ ಬಾಡಿಗೆ ಸ್ಕೀಗಿಂತ ಕೋರ್ಸೇ ಮೇಲು, ಮೊದಲ ಎರಡು ದಿನ ಬೀಳೋದು, ಏಳೋದು, ನಿಲ್ಲಿಸೋದೇ ಕಲಿಸುತ್ತಾರೆ. ದಕ್ಷಿಣದವರಿಗೆ ಇದೆಲ್ಲ ಆಗಲ್ಲ ಅಂದುಕೊಳ್ಳಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ ಕರ್ನಾಟಕದ ಪರ ಚಿನ್ನ ಗೆದ್ದಿದ್ದಾರೆ.

ಇಳಿದು ಬಂದ ಮೇಲೆ

ಚಾಕೊಲೇಟ್ ಕಾಗದ, ಟಿಶ್ಯೂ, ಸ್ಯಾನಿಟರಿ ಪ್ಯಾಡ್ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಡೆಹ್ರಾಡೂನ್‌ವರೆಗೂ ತನ್ನಿ. ಹಿಮದಲ್ಲಿ ಹೂತರೆ ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಎಲ್ಲ ಮೇಲೆ ಬಂದು ಆ ಊರಿನವರು ಕುಡಿಯುವ ತೊರೆಗೆ ಸೇರುತ್ತದೆ. ಗೈಡ್, ಅಡುಗೆಯವರು, ಹೇಸರಗತ್ತೆ ನಡೆಸುವವರಿಗೆ ಟಿಪ್ಸನ್ನು ಅವರವರ ಕೈಗೇ ಕೊಡಿ. ಬಾಡಿಗೆ ಸಾಮಾನು ವಾಪಸ್ ಕೊಡುವಾಗ ಜೇಬುಗಳನ್ನು ನೋಡಿ. ಮನೆಗೆ ಬಂದ ದಿನವೇ ನಿಮ್ಮ ಡೌನ್ ಜಾಕೆಟ್, ಶೂ ಎಲ್ಲ ನೆರಳಲ್ಲಿ ಹರವಿ ಒಣಗಿಸಿ, ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಂಡಿ ನೋವು ವಾರ ಕಳೆದರೂ ಹೋಗದಿದ್ದರೆ ತೋರಿಸಿ.

ಇನ್ನೂ ಕಲಿಯಬೇಕು ಅನ್ನಿಸಿದರೆ ಬೆಂಗಳೂರಿನಲ್ಲೇ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಅಲ್ಲಿ ವಿಚಾರಿಸಿ. ಉತ್ತರಕಾಶಿಯ ನೆಹರೂ ಸಂಸ್ಥೆಯ ಬೇಸಿಕ್ ಕೋರ್ಸ್‌ಗೆ ಸೀಟುಗಳು ಬೇಗ ತುಂಬುತ್ತವೆ, ಹಾಗಾಗಿ ಅದರ ಅರ್ಜಿಯನ್ನು ಬಹಳ ಮೊದಲೇ ಹಾಕಿಡಿ.